ಮೊದಲು ತೂಕ ಇಳಿಸಿ, ಆಮೇಲೆ ಬಾರ್ಬೆಲ್ ಹಿಡಿಯಿರಿ ಅನ್ನಬೇಡಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಆರೋಗ್ಯ ಪುಟದಲ್ಲಿ ಮೊನ್ನೆ ತೂಕ ಇಳಿಸುವ ಬಗ್ಗೆ ಬಂದಿದ್ದ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಸುಮ್ನೆ ಓದಿದೆ. ಎರಡನೇ ಸಲ ಪೆನ್ ಹಿಡಿದು ಓದಿದೆ, ಮೂರು ಕಡೆ ಗೆರೆ ಎಳೆದೆ. ಮೊದಲ ಗೆರೆ ಬಿದ್ದಿದ್ದು, ತೂಕ ಜಾಸ್ತಿ ಇರುವವರು ಮೊದಲು ಊಟ ಕಡಿಮೆ ಮಾಡಿ, ನಡೆದು, ಓಡಿ ಇಳಿಸಿಕೊಳ್ಳಲಿ, ಭಾರ ಎತ್ತುವುದೆಲ್ಲ ಆಮೇಲೆ ಅನ್ನುವ ಸಲಹೆಗೆ. ಎರಡನೆಯದು, ಒಂದು ಕಿಲೋ ಸ್ನಾಯು ಬೆಳೆಸಿಕೊಂಡರೆ ದಿನಕ್ಕೆ ನೂರು ಕ್ಯಾಲರಿ ತಾನಾಗಿಯೇ ಖರ್ಚಾಗುತ್ತದೆ ಅನ್ನುವ ಮಾತಿಗೆ. ಮೂರನೆಯದು ಮಾತಿಗಲ್ಲ, ಚಿತ್ರಕ್ಕೆ. ಅದರ ವಿಷಯ ಕೊನೆಗೆ ಹೇಳುತ್ತೇನೆ, ಯಾಕೆಂದರೆ ಅದನ್ನು ನೋಡಿದಾಗಲೇ ನನಗೆ ಪತ್ರ ಬರೆಯುವಷ್ಟು ಸಿಟ್ಟು ಬಂದಿದ್ದು.

ಆ ಮೊದಲನೇ ಸಲಹೆಯನ್ನು ಚಾಚೂ ತಪ್ಪದೆ ಪಾಲಿಸಿದವನು ನಾನು. ಈಗ ವಯಸ್ಸು 44, ಕೂತು ಮಾಡುವ ಕೆಲಸ. ಎರಡು ವರ್ಷದ ಹಿಂದೆ 94 ಕಿಲೋ ಇದ್ದೆ. ಒಂದು ಜಿಮ್‌ಗೆ ಸೇರಿದೆ. ಅಲ್ಲಿನ ಕೋಚ್ ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿ, ನಿಮಗೆ ಸದ್ಯ ಟ್ರೆಡ್‌ಮಿಲ್ಲೇ ಸಾಕು, ಆ ಕಡೆ ಮೂಲೆಗೆ ಹೋಗಬೇಡಿ ಅಂದರು. ಆ ಕಡೆ ಮೂಲೆ ಅಂದರೆ ಬಾರ್ಬೆಲ್ ಇದ್ದ ಜಾಗ, ಎರಡೂ ತುದಿಗೆ ಪ್ಲೇಟ್ ಅನ್ನುವ ತೂಕದ ಬಿಲ್ಲೆ ಸಿಕ್ಕಿಸಿ ಎತ್ತುವ ಉದ್ದ ಕಬ್ಬಿಣದ ಕೋಲು ಅದು. ಸರಿ ಅಂತ ಮೂರು ತಿಂಗಳು ಟ್ರೆಡ್‌ಮಿಲ್ ಮೇಲೆ ಗೋಡೆ ನೋಡಿಕೊಂಡು ನಡೆದೆ, ರಾತ್ರಿ ಅರೆಹೊಟ್ಟೆಯಲ್ಲಿ ಮಲಗಿದೆ. 9 ಕಿಲೋ ಇಳಿಯಿತು. ತಕ್ಕಡಿ ನೋಡಿ ಖುಷಿಯೋ ಖುಷಿ. ಆದರೆ ಎದುರು ಸಿಕ್ಕವರು ಮಾತ್ರ, ಏನು ಹುಷಾರಿಲ್ವಾ ಅಂತ ಕೇಳತೊಡಗಿದರು. ಮುಖ ಬತ್ತಿತ್ತು, ಹೊಟ್ಟೆ ಅಲ್ಲೇ ಇತ್ತು. ಎರಡು ಮಹಡಿ ಹತ್ತಿದರೆ ತೊಡೆ ನಡುಗುತ್ತಿತ್ತು. ಆಮೇಲೆ ಏನಾಯಿತು ಅಂತ ಹೇಳಬೇಕಾಗಿಲ್ಲ ಅಲ್ವಾ, ಒಂದು ವರ್ಷದೊಳಗೆ 9 ಕಿಲೋ ವಾಪಸ್ ಬಂತು, ಅದೇ 94. ವ್ಯತ್ಯಾಸ ಏನೆಂದರೆ ಹಳೇ ಪ್ಯಾಂಟು ಈಗ ಹಳೇ ತೂಕಕ್ಕೂ ಆಗುತ್ತಿರಲಿಲ್ಲ. ಸೊಂಟ ಒಂದು ಇಂಚು ಮುಂದೆ ಹೋಗಿತ್ತು.

ಯಾಕೆ ಹೀಗೆ ಅಂತ ಆಮೇಲೆ ಓದಿ ತಿಳಿದುಕೊಂಡೆ. ಊಟ ಕಡಿಮೆ ಮಾಡಿ ಇಳಿಸುವ ತೂಕದಲ್ಲಿ ಸುಮಾರು ಕಾಲು ಭಾಗ ಕೊಬ್ಬೇ ಅಲ್ಲ. ಕಷ್ಟಕಾಲ ಬಂದಾಗ ಮನೆಯವರು ಬಳಸದ ಸಾಮಾನನ್ನು ಮೊದಲು ಮಾರುತ್ತಾರಲ್ಲ, ದೇಹವೂ ಹಾಗೇ ಮಾಡುತ್ತದೆ. ದಿನವಿಡೀ ಕುರ್ಚಿಯಲ್ಲಿ ಕೂತವನ ತೊಡೆ ಬೆನ್ನು ಅದಕ್ಕೆ ದಂಡದ ಸಾಮಾನು. ಕೊಬ್ಬಿನ ಜೊತೆಗೆ ಅದನ್ನೂ ಮಾರುತ್ತದೆ. ಹೆಗಲ ಮೇಲೆ ವಾರಕ್ಕೆ ಮೂರು ದಿನ ಭಾರ ಕೂತರೆ ಮಾತ್ರ, ಇದು ಬಳಕೆಯಲ್ಲಿದೆ, ಕೈ ಹಾಕುವ ಹಾಗಿಲ್ಲ ಅಂತ ಅದಕ್ಕೆ ಗೊತ್ತಾಗುತ್ತದೆ. ಅದಕ್ಕೇ ನಾನು ಹೇಳುವುದು, ಬಾರ್ಬೆಲ್ ಹಿಡಿಯಬೇಕಾದದ್ದು ತೂಕ ಇಳಿದ ಮೇಲಲ್ಲ, ಇಳಿಸುತ್ತಿರುವಾಗಲೇ. ಕಾವಲುಗಾರನನ್ನು ಕಳ್ಳತನ ಆದ ಮೇಲೆ ನೇಮಿಸುತ್ತಾರಾ?

ಇದು ನನ್ನ ಒಬ್ಬನ ಅನುಭವ ಅಂತ ತಳ್ಳಿಹಾಕಬೇಡಿ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2016ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ತೂಕ ಜಾಸ್ತಿ ಇದ್ದ 40 ಯುವಕರಿಗೆ ನಾಲ್ಕು ವಾರ ಬೇಕಾದದ್ದಕ್ಕಿಂತ ಶೇ 40ರಷ್ಟು ಕಡಿಮೆ ಊಟ, ವಾರಕ್ಕೆ ಆರು ದಿನ ಕಠಿಣ ವ್ಯಾಯಾಮ, ಅದರಲ್ಲಿ ಭಾರ ಎತ್ತುವುದೂ ಸೇರಿತ್ತು. ಅರ್ಧ ಜನಕ್ಕೆ ದಿನಕ್ಕೆ ತಮ್ಮ ತೂಕದ ಪ್ರತಿ ಕಿಲೋಗೆ 1.2 ಗ್ರಾಂ ಪ್ರೊಟೀನ್, ಉಳಿದರ್ಧಕ್ಕೆ 2.4 ಗ್ರಾಂ. ಜಾಸ್ತಿ ಪ್ರೊಟೀನ್ ತಿಂದವರು ಸರಾಸರಿ 4.8 ಕಿಲೋ ಕೊಬ್ಬು ಕಳೆದುಕೊಂಡರು, ಅದೇ ಹೊತ್ತಿಗೆ ಅವರ ಕೊಬ್ಬಲ್ಲದ ತೂಕ 1.2 ಕಿಲೋ ಏರಿತು. ಕಡಿಮೆ ತಿಂದವರು 3.5 ಕಿಲೋ ಕೊಬ್ಬು ಕಳೆದುಕೊಂಡರು, ಅವರ ಸ್ನಾಯು ಏರದಿದ್ದರೂ ಇಳಿಯಲಿಲ್ಲ. ಅಷ್ಟು ಕಟ್ಟುನಿಟ್ಟಾಗಿ ಮನೆಯಲ್ಲಿ ಯಾರೂ ಮಾಡಲು ಹೋಗಬೇಡಿ, ಅವರು ಯುವಕರು, ಮೇಲ್ವಿಚಾರಣೆ ಇತ್ತು, ಮುಗಿದಿದ್ದೂ ನಾಲ್ಕೇ ವಾರಕ್ಕೆ. ಆದರೆ ಇಳಿಸುವುದು, ಬೆಳೆಸುವುದು ಒಟ್ಟಿಗೆ ಆಗುವುದೇ ಇಲ್ಲ ಅನ್ನುವವರಿಗೆ ಇದು ಉತ್ತರ. ಹೊಸಬರಿಗೆ, ಅದರಲ್ಲೂ ಮೈಯಲ್ಲಿ ಕೊಬ್ಬು ಜಾಸ್ತಿ ಇರುವವರಿಗೆ, ಇದು ಆಗುತ್ತದೆ. ವರ್ಷಗಟ್ಟಲೆ ಎತ್ತಿ ಪಳಗಿದವರಿಗೇ ಕಷ್ಟ.

ಇನ್ನು ಆ ನೂರು ಕ್ಯಾಲರಿ. ಅದು ತಪ್ಪು. ಸುಮ್ಮನೆ ಕೂತಿರುವಾಗ ಒಂದು ಕಿಲೋ ಸ್ನಾಯು ಇಡೀ ದಿನಕ್ಕೆ ಖರ್ಚು ಮಾಡುವುದು ಸುಮಾರು 13 ಕ್ಯಾಲರಿ. ಕಷ್ಟಪಟ್ಟು ಮೂರು ಕಿಲೋ ಸ್ನಾಯು ಬೆಳೆಸಿದಿರಿ ಅಂತಲೇ ಇಟ್ಟುಕೊಳ್ಳಿ, 40 ಕ್ಯಾಲರಿ ಆಯಿತು. ಒಂದು ಮೊಟ್ಟೆಯಲ್ಲಿ ಸುಮಾರು 70 ಇರುತ್ತದೆ. ಇದನ್ನು ಹೇಳಿದರೆ ಜನ ಬಾರ್ಬೆಲ್ ಕಡೆ ಬರುವುದಿಲ್ಲ ಅಂತ ನಿಮ್ಮ ಲೇಖಕರಿಗೆ ಅನಿಸಿರಬಹುದು, ಆದರೆ ಸುಳ್ಳು ಆಸೆ ಹುಟ್ಟಿಸಿ ಕರೆತಂದವರು ಎರಡನೇ ತಿಂಗಳೇ ವಾಪಸ್ ಹೋಗುತ್ತಾರೆ. ತೂಕ ಇಳಿಯುವುದು ತಟ್ಟೆಯಿಂದ. ಬಾರ್ಬೆಲ್ ಮಾಡುವುದು, ಇಳಿಯುವ ತೂಕ ಯಾವುದು ಅಂತ ಆರಿಸುವ ಕೆಲಸ. ಒಂದು ಕಿಲೋ ಕೊಬ್ಬು ಅಂದರೆ ಸುಮಾರು 7700 ಕ್ಯಾಲರಿ. ದಿನಕ್ಕೆ 400 ಕಡಿಮೆ ತಿಂದರೆ ಒಂದು ಕಿಲೋ ಇಳಿಯಲು 19 ದಿನ ಬೇಕು. ನಿಧಾನ ಅನಿಸುತ್ತದೆ, ಗೊತ್ತು. ನನಗೂ ಅನಿಸಿತ್ತು.

ಏಳು ತಿಂಗಳ ಹಿಂದೆ, ಮತ್ತೆ 94ಕ್ಕೆ ಬಂದ ಮೇಲೆ, ಆ ಮೂಲೆಗೆ ಹೋದೆ. ಬೇರೆ ಜಿಮ್, ಬೇರೆ ಕೋಚ್. ಆಕೆ ಬಾರ್ ತೋರಿಸಿ, ಇದಕ್ಕೆ ಏನೂ ಹಾಕಬೇಡಿ, ಬರೀ ಇದೇ ಸಾಕು ಅಂದರು. ಮನಸ್ಸಿನಲ್ಲಿ ನಗು ಬಂತು. ಪಕ್ಕದಲ್ಲಿ ಅರ್ಧ ವಯಸ್ಸಿನ ಹುಡುಗರು ಪ್ಲೇಟ್ ಮೇಲೆ ಪ್ಲೇಟ್ ಹಾಕಿ ಎತ್ತುತ್ತಿದ್ದಾರೆ, ನಾನು ಬರೀ ಕೋಲು ಹೊರಬೇಕಾ? ಆ ಕೋಲು 20 ಕಿಲೋ. ತುಂಬಿದ 20 ಲೀಟರ್ ನೀರಿನ ಕ್ಯಾನ್ ಎಷ್ಟಿರುತ್ತದೋ ಅಷ್ಟು. ಹೆಗಲ ಮೇಲೆ ಇಟ್ಟುಕೊಂಡು ಐದು ಸಲ ಕೂತು ಎದ್ದೆ, ಸ್ವಲ್ಪ ನಿಂತೆ, ಮತ್ತೆ ಐದು, ಮತ್ತೆ ಐದು. ಮೂರನೇ ಸಲಕ್ಕೆ ನಗು ಹೋಗಿತ್ತು. ಮಾರನೇ ದಿನ ಪರವಾಗಿಲ್ಲ ಅನಿಸಿತು, ಅದರ ಮಾರನೇ ದಿನ ಕಮೋಡ್ ಮೇಲೆ ಕೂರಲು ಗೋಡೆ ಹಿಡಿದುಕೊಂಡೆ. ಇದು ಹೊಸಬರಿಗೆಲ್ಲ ಆಗುವುದೇ, ಎರಡನೇ ಮೂರನೇ ದಿನ ನೋವು ಜೋರಾಗಿರುತ್ತದೆ, ಆಮೇಲೆ ತಾನೇ ಹೋಗುತ್ತದೆ. ಎರಡು ವಾರ ಆದ ಮೇಲೆ ಅಷ್ಟು ನೋವು ಮತ್ತೆ ಬರಲಿಲ್ಲ. ಕೀಲಿನಲ್ಲಿ ಚುಚ್ಚಿದ ಹಾಗೆ ಬರುವ ನೋವು ಬೇರೆ, ಅದನ್ನು ಇದರ ಜೊತೆ ಸೇರಿಸಬೇಡಿ.

ಪಟ್ಟಿ ಸಣ್ಣದು. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಒಂದು ದಿನ ಬಾರ್ ಹೆಗಲ ಮೇಲಿಟ್ಟು ಕೂತು ಏಳುವ ಸ್ಕ್ವಾಟ್, ಮಲಗಿ ಎದೆಯಿಂದ ಮೇಲಕ್ಕೆ ತಳ್ಳುವ ಬೆಂಚ್ ಪ್ರೆಸ್, ಬಾಗಿ ನಿಂತು ಎಳೆಯುವ ರೋ. ಇನ್ನೊಂದು ದಿನ ಸ್ಕ್ವಾಟ್, ತಲೆ ಮೇಲೆ ಎತ್ತುವ ಓವರ್‌ಹೆಡ್ ಪ್ರೆಸ್, ನೆಲದಿಂದ ಬಾರ್ ಎತ್ತಿ ನೇರ ನಿಲ್ಲುವ ಡೆಡ್‌ಲಿಫ್ಟ್. ಎಲ್ಲಾ ಐದೈದು ಸಲ, ಹಾಗೆ ಮೂರು ಸರದಿ, ಅಂದರೆ ಮೂರು ಸೆಟ್, ಡೆಡ್‌ಲಿಫ್ಟ್ ಮಾತ್ರ ಒಂದೇ ಸೆಟ್ ಸಾಕು. ಸೆಟ್ ಮಧ್ಯೆ ಮೂರು ನಿಮಿಷ ಕೂರಬೇಕು, ನಿಜವಾಗಿಯೂ ಕೂರಬೇಕು, ಬೆವರು ಹರಿಸುವ ಆತುರದಲ್ಲಿ ಮೂವತ್ತೇ ಸೆಕೆಂಡಿಗೆ ಎದ್ದರೆ ಅದು ಶಕ್ತಿಯ ವ್ಯಾಯಾಮ ಆಗುವುದಿಲ್ಲ, ಏದುಸಿರಿನ ವ್ಯಾಯಾಮ ಆಗುತ್ತದೆ. ಎಲ್ಲಾ ಸೇರಿ ಒಂದು ಗಂಟೆಯೊಳಗೆ ಮುಗಿಯುತ್ತದೆ. ಬೈಸೆಪ್ಸ್‌ಗೆ ಒಂದು ದಿನ, ಭುಜಕ್ಕೆ ಒಂದು ದಿನ ಅಂತ ಮೈಯನ್ನು ಹೋಳು ಮಾಡುವ ಗೊಡವೆ ಹೊಸಬರಿಗೆ ಬೇಡ.

ಡೆಡ್‌ಲಿಫ್ಟ್ ಬಗ್ಗೆ ಒಂದು ವಿಷಯ ಯಾರೂ ಹೇಳುವುದಿಲ್ಲ, ಅದನ್ನು ಇಲ್ಲಿ ಹೇಳಿಬಿಡುತ್ತೇನೆ. ದೊಡ್ಡ ಪ್ಲೇಟಿನ ವ್ಯಾಸ 45 ಸೆಂಟಿಮೀಟರ್. ಹಾಗಾಗಿ ಅದನ್ನು ಹಾಕಿದ ಬಾರ್ ನೆಲದಿಂದ ಇಪ್ಪತ್ತೆರಡೂವರೆ ಸೆಂಟಿಮೀಟರ್ ಮೇಲೆ ಇರುತ್ತದೆ, ಮೊಣಕಾಲಿನ ಕೆಳಗೆ, ಕಣಕಾಲಿನ ನಡುವೆ. ಹೊಸಬರಿಗೆ ಆ ದೊಡ್ಡ ಪ್ಲೇಟಿನ ತೂಕ ಎತ್ತಲು ಆಗುವುದಿಲ್ಲ ಅಂತ ಸಣ್ಣ ಪ್ಲೇಟ್ ಹಾಕುತ್ತಾರೆ, ಬಾರ್ ನೆಲಕ್ಕೆ ಹತ್ತಿರ ಹೋಗುತ್ತದೆ, ಅದನ್ನು ಹಿಡಿಯಲು ಬೆನ್ನು ಗೂನಾಗುತ್ತದೆ, ಆಮೇಲೆ ಡೆಡ್‌ಲಿಫ್ಟ್ ಸೊಂಟಕ್ಕೆ ಕೆಟ್ಟದ್ದು ಅಂತ ಹೆಸರು. ಸಣ್ಣ ಪ್ಲೇಟಿನ ಕೆಳಗೆ ಎರಡು ಹಲಗೆ ಇಟ್ಟು ಅದೇ ಎತ್ತರಕ್ಕೆ ತಂದರೆ ಮುಗಿಯಿತು. ನನ್ನ ಕೋಚ್ ಮಾಡಿದ್ದು ಅದನ್ನೇ. ಬಾರ್ ಪಾದದ ನಡುಭಾಗದ ಮೇಲೆ ಇರಬೇಕು, ಎತ್ತುವಾಗ ಕಾಲಿಗೆ ತಾಗಿಕೊಂಡೇ ಬರಬೇಕು, ಮುಂದೆ ಹೋದರೆ ಆ ಭಾರವೆಲ್ಲ ಸೊಂಟ ಹೊರಬೇಕಾಗುತ್ತದೆ. ಮೊದಲ ತಿಂಗಳು ನನ್ನ ಕಣಕಾಲಿನ ಮುಂಭಾಗದ ಚರ್ಮ ಎರಡು ಸಲ ಕಿತ್ತುಬಂತು. ಆಮೇಲೆ ಉದ್ದ ಸಾಕ್ಸ್ ಹಾಕಿಕೊಂಡೆ.

ಇದರಲ್ಲಿ ಇರುವ ಗುಟ್ಟು ಒಂದೇ, ಪ್ರತಿ ಸಲ ಸ್ವಲ್ಪ ಜಾಸ್ತಿ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸೇನಾ ವೈದ್ಯ ಥಾಮಸ್ ಡಿಲೋರ್ಮ್, ಗಾಯಗೊಂಡ ಸೈನಿಕರ ಸೊರಗಿದ ತೊಡೆಗಳಿಗೆ ಹಗುರ ತೂಕವನ್ನು ಹತ್ತಾರು ಸಲ ಎತ್ತಿಸುವ ಬದಲು ಭಾರದ ತೂಕವನ್ನು ಕೆಲವೇ ಸಲ ಎತ್ತಿಸಿದರು, ಶಕ್ತಿ ಬಂದ ಹಾಗೆ ತೂಕ ಏರಿಸಿದರು. 1945ರಲ್ಲಿ ಅದನ್ನು ಪ್ರಕಟಿಸಿದರು. ಇವತ್ತಿಗೂ ಹೊಸಬರ ಪಟ್ಟಿಯ ತಿರುಳು ಅದೇ. ಜಿಮ್‌ನಲ್ಲಿ ಸಿಗುವ ಸಣ್ಣ ಪ್ಲೇಟ್ ಸಾಮಾನ್ಯವಾಗಿ 1.25 ಕಿಲೋ, ಎರಡೂ ಕಡೆ ಹಾಕಿದರೆ 2.5. ಸ್ಕ್ವಾಟ್ ಮೊದಲ ದಿನ 20, ಮುಂದಿನ ಸಲ 22.5, ಆಮೇಲೆ 25. ಹದಿನೇಳನೇ ಸಲಕ್ಕೆ 60 ಕಿಲೋ, ಅಂದರೆ ಆರನೇ ವಾರ. ಎರಡು ಮಹಡಿಗೆ ತೊಡೆ ನಡುಗುತ್ತಿದ್ದವನಿಗೆ ಇದು ಹೇಗೆ ಸಾಧ್ಯ ಅಂದರೆ, ಮೊದಮೊದಲು ಬರುವ ಶಕ್ತಿ ಬಹುಪಾಲು ಸ್ನಾಯು ಬೆಳೆದು ಬಂದದ್ದಲ್ಲ. ಇರುವ ಸ್ನಾಯುವನ್ನು ಒಟ್ಟಿಗೆ ಕೆಲಸಕ್ಕೆ ಹಚ್ಚುವುದನ್ನು ನರಗಳು ಕಲಿತದ್ದು. ಅದಕ್ಕೇ ಊಟ ಸ್ವಲ್ಪ ಕಡಿಮೆ ಇದ್ದರೂ ಬಾರ್ ಏರುತ್ತಲೇ ಹೋಗುತ್ತದೆ.

ಒಂದು ಹಂತದವರೆಗೆ, ಅಷ್ಟೇ. ನನ್ನ ಸ್ಕ್ವಾಟ್ 67.5ಕ್ಕೆ ನಿಂತಿತು. ಮೂರನೇ ಸೆಟ್‌ನಲ್ಲಿ ಮೂರೇ ಸಲ ಆಯಿತು, ನಾಲ್ಕನೆಯದಕ್ಕೆ ಕೆಳಗೆ ಹೋದವನು ಮೇಲೆ ಬರಲೇ ಇಲ್ಲ, ಸುತ್ತ ಇರುವ ಕಬ್ಬಿಣದ ಚೌಕಟ್ಟು, ಅಂದರೆ ರ್ಯಾಕ್‌ನ ಅಡ್ಡ ಕಂಬಿ ಮೇಲೆ ಬಾರ್ ಠಣ್ ಅಂತ ಕೂತಿತು. ಇಡೀ ಜಿಮ್ ತಿರುಗಿ ನೋಡಿತು ಅಂತ ಅಂದುಕೊಂಡೆ, ಯಾರೂ ನೋಡಿರಲಿಲ್ಲ. ಮುಂದಿನ ಸಲವೂ ಅದೇ, ಅದರ ಮುಂದಿನ ಸಲವೂ ಅದೇ. ಆ ಹೊತ್ತಿಗೆ ನಾನು ಏನು ಮಾಡುತ್ತಿದ್ದೆ ಅಂದರೆ, ತೂಕ ಬೇಗ ಇಳಿಯಲಿ ಅಂತ ಬೆಳಿಗ್ಗೆ ದಿನಾ ಓಡುತ್ತಿದ್ದೆ, ರಾತ್ರಿ ಊಟವನ್ನೂ ಬಿಟ್ಟಿದ್ದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅಂತಾರಲ್ಲ, ಹಾಗಾಗಿತ್ತು. ಕೋಚ್ ನನ್ನ ನೋಟ್‌ಬುಕ್ ತಿರುವಿ ಹಾಕಿ, ಓಟ ನಿಲ್ಲಿಸಿ, ನಡೆಯಿರಿ, ರಾತ್ರಿ ಉಣ್ಣಿ, ಬಾರ್ ಶೇ 10 ಇಳಿಸಿ ಅಂದರು. 60ಕ್ಕೆ ಇಳಿಸಿದೆ. ಅವಮಾನ ಆಯಿತು, ಸುಳ್ಳೇಕೆ. ಎರಡು ವಾರಕ್ಕೆ ಅದೇ 67.5 ಐದು ಸಲ, ಮೂರು ಸೆಟ್, ಏನೂ ತಕರಾರಿಲ್ಲದೆ ಎದ್ದಿತು. ಹೀಗೆ ಏರದೆ ಮೊದಲು ನಿಲ್ಲುವುದು ಸಾಮಾನ್ಯವಾಗಿ ಓವರ್‌ಹೆಡ್ ಪ್ರೆಸ್, ಅಲ್ಲಿ ಸಣ್ಣ ಸ್ನಾಯುಗಳ ಕೆಲಸ, 2.5 ಕಿಲೋ ಅಂದರೆ ದೊಡ್ಡ ಹೆಜ್ಜೆ. ಅರ್ಧ ಕಿಲೋದ ಪುಟ್ಟ ಪ್ಲೇಟ್ ಸಿಕ್ಕರೆ ಕೈಚೀಲದಲ್ಲಿ ಇಟ್ಟುಕೊಂಡು ಹೋಗಿ. ನಾನು ಹಾಗೇ ಮಾಡುತ್ತೇನೆ, ನಗುವವರು ನಗಲಿ.

ತಕ್ಕಡಿಯ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಜನ ಬಿಟ್ಟುಹೋಗುವುದು ಬಾರ್ಬೆಲ್‌ಗೆ ಹೆದರಿ ಅಲ್ಲ, ತಕ್ಕಡಿಗೆ ಹೆದರಿ. ಶುರು ಮಾಡಿದ ಎರಡನೇ ವಾರ ನಾನು 95.2 ಇದ್ದೆ. ಊಟ ಕಡಿಮೆ, ಮೈ ನೋವು, ತೂಕ ಮಾತ್ರ ಏರಿದೆ! ಬಿಟ್ಟೇಬಿಡಬೇಕು ಅಂದುಕೊಂಡೆ. ಆದರೆ ಅದು ಕೊಬ್ಬಲ್ಲ, ನೀರು. ಹೊಸದಾಗಿ ದಣಿದ ಸ್ನಾಯು ಊದಿಕೊಂಡು ನೀರು ಹಿಡಿದುಕೊಳ್ಳುತ್ತದೆ, ಸ್ನಾಯುವಿನೊಳಗೆ ಇಂಧನವಾಗಿ ಕೂಡಿಡುವ ಸಕ್ಕರೆಯ ರೂಪ, ಗ್ಲೈಕೋಜನ್, ಅದರ ಒಂದೊಂದು ಗ್ರಾಂ ಜೊತೆಗೆ ಸುಮಾರು ಮೂರು ಗ್ರಾಂ ನೀರು ಕೂರುತ್ತದೆ. ಹಿಂದಿನ ರಾತ್ರಿ ಉಪ್ಪು ಜಾಸ್ತಿ ತಿಂದರೂ ಬೆಳಿಗ್ಗೆ ಒಂದು ಕಿಲೋ ಏರುಪೇರು. ಇದು ಗೊತ್ತಿಲ್ಲದೆ ದಿನಾ ತಕ್ಕಡಿ ಹತ್ತಿ ಇಳಿಯುವವರ ಮನಸ್ಸು ಏನಾಗಬೇಡ. ನಾನು ದಿನಾ ತೂಗುತ್ತೇನೆ, ಆದರೆ ಬರೆದಿಟ್ಟು ವಾರದ ಸರಾಸರಿಯನ್ನು ಮಾತ್ರ ನೋಡುತ್ತೇನೆ. ಜೊತೆಗೆ ಹದಿನೈದು ದಿನಕ್ಕೊಮ್ಮೆ ಹೊಕ್ಕುಳ ಮಟ್ಟದಲ್ಲಿ ಒಂದು ಟೇಪ್. ಮೂರು ವಾರ ತೂಕ ಕದಲದೆ ಟೇಪ್ ಮಾತ್ರ ಒಂದೂವರೆ ಸೆಂಟಿಮೀಟರ್ ಇಳಿದ ಕಾಲವೂ ಬಂದಿತ್ತು. ನಿಮ್ಮ ಲೇಖನದಲ್ಲಿ ಟೇಪಿನ ಮಾತೇ ಇಲ್ಲ.

ಊಟದ ಬಗ್ಗೆ ನಾನು ಉದ್ದ ಬರೆಯುವುದಿಲ್ಲ, ಅವರವರ ಮನೆ ಅವರವರ ತಟ್ಟೆ. ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 1.6 ಗ್ರಾಂ ಆಸುಪಾಸು ಪ್ರೊಟೀನ್ ಇದ್ದರೆ ಭಾರ ಎತ್ತುವವರಿಗೆ ಸಾಕು. ವಾರಕ್ಕೆ ನಿಮ್ಮ ತೂಕದ ಶೇ 1ಕ್ಕಿಂತ ಜಾಸ್ತಿ ಇಳಿಸುವ ಆತುರ ಬೇಡ, ಅದರ ಅರ್ಧ ಆದರೂ ಒಳ್ಳೆಯದೇ. ಮತ್ತೆ ನಿದ್ದೆ. ಐದು ಗಂಟೆ ಮಲಗಿದ ಮಾರನೇ ದಿನ ನಿನ್ನೆಯ ತೂಕಕ್ಕೇ ಯಾರೋ ಕದ್ದುಮುಚ್ಚಿ ಇನ್ನೊಂದು ಪ್ಲೇಟ್ ಹಾಕಿದ ಹಾಗೆ ಅನಿಸುತ್ತದೆ.

ಒಂದು ಪೆದ್ದುತನವನ್ನೂ ಹೇಳಬೇಕು, ಬೇರೆಯವರು ಮಾಡದಿರಲಿ ಅಂತ. ಮೂರನೇ ತಿಂಗಳು, ಕೋಚ್ ಬಂದಿರಲಿಲ್ಲ, ಜಿಮ್ ಖಾಲಿ. ಒಬ್ಬನೇ ಬೆಂಚ್ ಪ್ರೆಸ್‌ಗೆ ಮಲಗಿದೆ, 42.5 ಕಿಲೋ. ಎರಡೂ ಕಡೆ ಪ್ಲೇಟ್ ಜಾರದಂತೆ ಹಿಡಿಯುವ ಕ್ಲಿಪ್ ಬಿಗಿ ಮಾಡಿದ್ದೆ. ಐದನೇ ಸಲ ಬಾರ್ ಎದೆಗೆ ಬಂತು, ನಾಲ್ಕು ಬೆರಳು ಎದ್ದಿತು, ನಿಂತಿತು, ನಿಧಾನಕ್ಕೆ ವಾಪಸ್ ಎದೆ ಮೇಲೆ ಕೂತಿತು. ಕೂಗೋಣ ಅಂದರೆ ಯಾರೂ ಇಲ್ಲ, ಉಸಿರೂ ಇಲ್ಲ. ಓರೆ ಮಾಡಿ ಪ್ಲೇಟ್ ಜಾರಿಸೋಣ ಅಂದರೆ ಕ್ಲಿಪ್. ಕೊನೆಗೆ ಚಪಾತಿ ಲಟ್ಟಣಿಗೆ ಉರುಳಿಸುವ ಹಾಗೆ ಬಾರನ್ನು ಎದೆಯಿಂದ ಹೊಟ್ಟೆ ಮೇಲೆ, ಹೊಟ್ಟೆಯಿಂದ ತೊಡೆ ಮೇಲೆ ಉರುಳಿಸಿ ಎದ್ದು ಕೂತೆ. ಹೊಟ್ಟೆ ಆಗ ಇನ್ನೂ ದೊಡ್ಡದಿತ್ತು, ಬಾರ್ ಅಲ್ಲಿ ಸ್ವಲ್ಪ ಏರು ಹತ್ತಬೇಕಾಯಿತು. ಒಂದು ವಾರ ಪಕ್ಕೆಲುಬಿನ ಕೆಳಗೆ ನೀಲಿ ಗೆರೆ ಇತ್ತು. ಈಗ ಬೆಂಚನ್ನು ರ್ಯಾಕ್ ಒಳಗೇ ಎಳೆದುಕೊಂಡು, ಅಡ್ಡ ಕಂಬಿಯನ್ನು ಬಾರ್ ಎದೆ ಮುಟ್ಟುವ ಮಟ್ಟಕ್ಕಿಂತ ಒಂದು ಬೆರಳು ಕೆಳಗೆ ಇಡುತ್ತೇನೆ. ರ್ಯಾಕ್ ಇಲ್ಲದ ದಿನ, ಜೊತೆಗೆ ಯಾರೂ ಇಲ್ಲದ ದಿನ, ಬೆಂಚ್ ಪ್ರೆಸ್‌ಗೆ ಕ್ಲಿಪ್ ಹಾಕುವುದಿಲ್ಲ. ಹೆಬ್ಬೆರಳು ಯಾವಾಗಲೂ ಬಾರಿನ ಸುತ್ತ ಇರುತ್ತದೆ, ಬೆರಳುಗಳ ಜೊತೆ ಒಂದೇ ಕಡೆ ಇರುವುದಿಲ್ಲ. ಬಾರ್ ಜಾರಿದರೆ ಕೆಳಗೆ ಇರುವುದು ಕುತ್ತಿಗೆ.

ಬಿಪಿ ಇರುವವರು, ಹೃದಯದ ತೊಂದರೆ, ಹರ್ನಿಯಾ ಇರುವವರು ಮೊದಲು ವೈದ್ಯರನ್ನು ಕೇಳಲೇಬೇಕು. ಭಾರ ಎತ್ತುವಾಗ ಹೊಟ್ಟೆ ತುಂಬ ಉಸಿರು ತುಂಬಿ ಹಿಡಿಯುತ್ತೇವೆ, ಬೆನ್ನಿಗೆ ಅದು ಒಳಗಿನಿಂದ ಕಟ್ಟಿದ ಬೆಲ್ಟ್ ಇದ್ದ ಹಾಗೆ, ಆದರೆ ಆ ಕ್ಷಣಕ್ಕೆ ರಕ್ತದೊತ್ತಡ ಜೋರಾಗಿ ಏರುತ್ತದೆ. ಆದರೆ ವಯಸ್ಸಾಯಿತು, ಹೆಂಗಸರು, ಮೂಳೆ ಸವೆದಿದೆ, ಇದೆಲ್ಲ ನಮಗಲ್ಲ ಅನ್ನುವವರಿಗೆ ಇನ್ನೊಂದು ವಿಷಯ ಹೇಳಬೇಕು. ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದವರು ಮುಟ್ಟು ನಿಂತ, ಮೂಳೆಯ ಸಾಂದ್ರತೆ ಕಡಿಮೆ ಇದ್ದ 101 ಮಹಿಳೆಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಂಟು ತಿಂಗಳು, ವಾರಕ್ಕೆ ಎರಡು ದಿನ, ಅರ್ಧರ್ಧ ಗಂಟೆ, ತರಬೇತಿ ಪಡೆದವರ ಕಣ್ಣೆದುರು ಡೆಡ್‌ಲಿಫ್ಟ್, ಸ್ಕ್ವಾಟ್, ಓವರ್‌ಹೆಡ್ ಪ್ರೆಸ್, ಐದೈದು ಸಲ, ಐದು ಸೆಟ್, ಜೊತೆಗೆ ಸ್ವಲ್ಪ ಜಿಗಿತ. ಇನ್ನೊಂದು ಗುಂಪಿಗೆ ಮನೆಯಲ್ಲೇ ಹಗುರ ವ್ಯಾಯಾಮ. 2018ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಮೊದಲ ಗುಂಪಿನವರ ಸೊಂಟದ ಬೆನ್ನುಮೂಳೆಯ ಸಾಂದ್ರತೆ ಶೇ 2.9ರಷ್ಟು ಏರಿತ್ತು, ಎರಡನೆಯವರದ್ದು ಶೇ 1.2ರಷ್ಟು ಇಳಿದಿತ್ತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲೂ ದೊಡ್ಡವರೆಲ್ಲರಿಗೂ ವಾರಕ್ಕೆ 150ರಿಂದ 300 ನಿಮಿಷದ ನಡಿಗೆಯಂಥ ಚಟುವಟಿಕೆ, ಅದರ ಜೊತೆಗೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಅಂತ ಇದೆ. ಜೊತೆಗೆ ಅಂತ ಇದೆ, ಆಮೇಲೆ ಅಂತ ಇಲ್ಲ. ನಿಮ್ಮ ಲೇಖನ ಮೊದಲ ಅರ್ಧ ಬರೆದು ಎರಡನೇ ಅರ್ಧವನ್ನು ಮುಂದಕ್ಕೆ ಹಾಕಿತು.

ನಡಿಗೆ ಬೇಡ ಅಂತ ನಾನು ಹೇಳುತ್ತಿಲ್ಲ. ದಿನಾ ಮುಕ್ಕಾಲು ಗಂಟೆ ನಡೆಯುತ್ತೇನೆ, ಬಿಡುವಿನ ದಿನ ಇನ್ನೂ ಜಾಸ್ತಿ, ತಲೆಗೂ ಒಳ್ಳೆಯದು.

ಈಗ ನಾನು 83 ಕಿಲೋ. ಏಳು ತಿಂಗಳಿಗೆ 11 ಕಿಲೋ, ಟ್ರೆಡ್‌ಮಿಲ್ ಕಾಲದಲ್ಲಿ ಮೂರೇ ತಿಂಗಳಿಗೆ 9 ಇಳಿದಿತ್ತು, ಲೆಕ್ಕ ಹಾಕಿದರೆ ಈ ಸಲ ಸೋತ ಹಾಗೇ ಕಾಣುತ್ತದೆ. ಆದರೆ ಆ ಸಲ 85ಕ್ಕೆ ಬಂದಾಗ ಆಗದ ಪ್ಯಾಂಟು ಈ ಸಲ 87ಕ್ಕೇ ಆಯಿತು. ಸ್ಕ್ವಾಟ್ 80 ಕಿಲೋ ಐದು ಸಲ, ಅಂದರೆ ಸದ್ಯದಲ್ಲೇ ನನ್ನಷ್ಟೇ ತೂಕದ ಇನ್ನೊಬ್ಬನನ್ನು ಹೆಗಲ ಮೇಲೆ ಕೂರಿಸಿಕೊಂಡು ಕೂತು ಏಳಬಹುದು. ಡೆಡ್‌ಲಿಫ್ಟ್ 110. ಬೆಂಚ್ ಪ್ರೆಸ್ 55ರಲ್ಲಿ ಹಠ ಹಿಡಿದು ಕೂತಿದೆ, ಓವರ್‌ಹೆಡ್ ಪ್ರೆಸ್ 37.5ರಲ್ಲಿ. ಹುಷಾರಿಲ್ವಾ ಅಂತ ಈ ಸಲ ಯಾರೂ ಕೇಳಿಲ್ಲ. ತೂಕ ಇಳಿದಿದೆ ಅಂತಲೂ ಬಹಳ ಜನ ಹೇಳಿಲ್ಲ, ನೇರ ನಿಲ್ಲುತ್ತೀಯಲ್ಲ ಈಗ ಅಂದರು ಒಬ್ಬರು.

ಸರಿ, ಆ ಚಿತ್ರ. ಲೇಖನದ ಪಕ್ಕ ಅರ್ಧ ಪುಟಕ್ಕೆ ಹಾಕಿದ್ದೀರಿ. ತೆಳ್ಳಗಿನ ಯುವಕ, ಬೆವರೂ ಇಲ್ಲ, ಸ್ಕ್ವಾಟ್ ಮಾಡುತ್ತಾ ನಗುತ್ತಿದ್ದಾನೆ. ಬಾರ್ ಎಲ್ಲಿದೆ ನೋಡಿ, ಕುತ್ತಿಗೆಯ ಹಿಂದೆ ಮುಟ್ಟಿದರೆ ಸಿಗುವ ಆ ಉಬ್ಬು ಮೂಳೆಯ ಮೇಲೇ ಕೂತಿದೆ. ಅದು ಅಲ್ಲಿ ಕೂರಬಾರದು. ಅದಕ್ಕಿಂತ ಕೆಳಗೆ, ಭುಜ ಹಿಂದಕ್ಕೆ ಎಳೆದಾಗ ಎದ್ದು ನಿಲ್ಲುವ ಸ್ನಾಯುವಿನ ಮೆತ್ತೆ ಇದೆಯಲ್ಲ, ಅಲ್ಲಿ ಕೂರಬೇಕು. ಹಿಮ್ಮಡಿ ಎರಡೂ ನೆಲ ಬಿಟ್ಟಿವೆ. ಹಿಂದೆ ರ್ಯಾಕ್ ಇಲ್ಲ, ಅಡ್ಡ ಕಂಬಿ ಇಲ್ಲ, ಬೀಳಿಸಿದರೆ ಮೈ ಮೇಲೆ. ಒಂದು ಕಡೆ ಕ್ಲಿಪ್ ಇದೆ, ಇನ್ನೊಂದು ಕಡೆ ಇಲ್ಲ. ಲೇಖನ ಓದದವರೂ ಚಿತ್ರ ನೋಡುತ್ತಾರೆ, ನೋಡಿದ್ದನ್ನೇ ಮಾಡುತ್ತಾರೆ.

ಮುಂದಿನ ಸಲ ಬೇರೆ ಚಿತ್ರ ಹಾಕಿ. ಸಿಗದಿದ್ದರೆ ಹೇಳಿ, ನನ್ನದೇ ಒಂದು ಕಳಿಸುತ್ತೇನೆ, ಕೋಚ್ ಪಕ್ಕದಿಂದ ತೆಗೆದದ್ದು, ಬಾರ್ ಸರಿಯಾದ ಜಾಗದಲ್ಲಿದೆ, ಹಿಮ್ಮಡಿ ನೆಲದ ಮೇಲಿದೆ. ಹೊಟ್ಟೆ ಇನ್ನೂ ಸ್ವಲ್ಪ ಕಾಣುತ್ತದೆ, ದಯವಿಟ್ಟು ಅದನ್ನು ಕತ್ತರಿಸಬೇಡಿ.

ಇತಿ,
ನಿಮ್ಮ ಹಳೆಯ ಓದುಗ